ಹಿತ್ತಲ ಬಾಗಿಲಿನ ಬೀಗರು

"ಬಂದ್ರು ನೋಡವಾ ನಿಮ್ಮಪ್ಪ!"

ಮಾಲವ್ವ ಪಡಸಾಲೆಯ ಕಿಟಕಿಯಿಂದ ಓಣಿಯತ್ತ ನೋಡಿ ಸೊಸೆಗೆ ಕೂಗಿ ಹೇಳಿದಳು. ಕೈಯಲ್ಲಿದ್ದ ಕಸಬರಿಗೆಯನ್ನು ಬಾಗಿಲ ಹಿಂದಕ್ಕೆ ತಳ್ಳಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಜ್ಯೋತಿ, ಕಡ್ಲಿಬ್ಯಾಳಿ ಇಡು. ತುಪ್ಪದ ಡಬ್ಬಿ ತಳಾ ಕಂಡೈತೇನು ನೋಡು. ಅಯ್ಯ ಶಿವನ, ಹ್ವಾದ ಸೋಮವಾರ ಬಂದಿದ್ರು, ಮೊನ್ನಿ ಶುಕ್ರವಾರ ಬಂದಿದ್ರು, ಇವತ್ತ ಮತ್ತ ಬಂದಾರ."

ಸಾಂಬ್ರಾಣಿ ಊರಿನ ಆ ಓಣಿಯಲ್ಲಿ ಬೀಗರೆಂದರೆ ಬೀಗರೇ. ಸೊಸೆಯ ಅಪ್ಪ ಮನೆಗೆ ಬಂದರೆ ಬರೀ ಚಹಾ ಕೊಟ್ಟು ಕಳಿಸಲು ಬರುತ್ತದೆಯೇ? ಕಾಲಿಗೆ ನೀರು ಕೊಡಬೇಕು, ಹೋಳಿಗೆಯೋ ಸಜ್ಜಕವೋ ಒಂದು ಸಿಹಿ ಮಾಡಲೇಬೇಕು, "ಸಾಕು ಸಾಕು" ಎಂದು ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯನ್ನು ಸರಿಸಿ ಇನ್ನೊಂದು ಬಡಿಸಬೇಕು. ಅವರು ಹೊರಟಾಗ ಬಾಗಿಲ ತನಕ ಹೋಗಿ, ಇಷ್ಟು ಅವಸರ ಯಾಕ್ರಿ ಎನ್ನಬೇಕು. ವರ್ಷಕ್ಕೆ ಎರಡೋ ಮೂರೋ ಸಲ ಬರುವ ಬೀಗರಿಗೆಂದು ಮಾಡಿದ ಪದ್ಧತಿ ಇದು. ವಾರಕ್ಕೆರಡು ಸಲ ಬರುವ ಬೀಗರೂ ಈ ಭೂಮಿಯ ಮೇಲೆ ಹುಟ್ಟುತ್ತಾರೆಂದು ಪದ್ಧತಿ ಮಾಡಿದವರಿಗೆ ಗೊತ್ತಿರಲಿಲ್ಲ, ಪಾಪ.

"ಬರ್ರಿ ಬೀಗರ, ಆರಾಮದೀರಿ?"

"ಆರಾಮ್ರಿ ಅಕ್ಕಾರ. ಇಲ್ಲೇ ಹಳಿಯಾಳಕ್ಕ ಸ್ವಲ್ಪ ಕೆಲಸ ಇತ್ತು, ಹಂಗ ಬಂದೆ" ಎಂದು ದ್ಯಾಮಪ್ಪ ಬಾಳೆಹಣ್ಣು, ಚುರುಮುರಿಯ ಚೀಲವನ್ನು ಕೆಳಗಿಟ್ಟ. ಹಳಿಯಾಳದಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಕೆಲಸದಿಂದ ನಿವೃತ್ತನಾಗಿಯೇ ಅರ್ಧ ವರ್ಷವಾಗಿತ್ತು.

ಅವನು ಮಂಚದ ಮೇಲೆ ಕುಳಿತದ್ದು ಮಾಲವ್ವನ ಕಡೆಗೆ ಮುಖ ಮಾಡಿ. ಕಣ್ಣು ಮಾತ್ರ ದನದ ಕೊಟ್ಟಿಗೆಯ ಮೇಲಿತ್ತು. ಅಲ್ಲಿ ಕಂಬಕ್ಕೆ ಕಟ್ಟಿದ್ದ ಕಂದು ಬಣ್ಣದ ನಾಯಿ ಹಿಂಗಾಲ ಮೇಲೆ ಎದ್ದು ನಿಂತು, ಹಗ್ಗ ಹರಿಯುವಂತೆ ಜಗ್ಗುತ್ತ, ಕುಂಯ್ಯೋ ಎಂದು ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. "ಏನೋ ಪಿಂಟ್ಯಾ" ಎಂದ ದ್ಯಾಮಪ್ಪ. ಅಷ್ಟೇ ಅಂದ, ಅದೂ ಯಾರೋ ಮಂದಿಯ ಮನೆಯ ನಾಯಿಯನ್ನು ಮಾತಾಡಿಸುವವರ ಹಾಗೆ.

ಪಿಂಟ್ಯಾ ಮಂದಿಯ ನಾಯಿಯೇನಲ್ಲ. ದ್ಯಾಮಪ್ಪ ಅಂಬಿಕಾನಗರದ ವಿದ್ಯುತ್ ನಿಗಮದಲ್ಲಿ ನೌಕರಿ ಮಾಡುತ್ತಿದ್ದಾಗ ಕ್ವಾರ್ಟರ್ಸಿನ ಹಿಂದಿನ ಗಟಾರದಲ್ಲಿ ಸಿಕ್ಕ ಮರಿ ಅದು. ಹಾಲು-ಅನ್ನ ಉಂಡು, ಚಹಾದಲ್ಲಿ ಅದ್ದಿದ ಬಿಸ್ಕೀಟು ತಿಂದು, ದ್ಯಾಮಪ್ಪನ ಕಾಲ ಬಳಿ ಅವನದೇ ಚಾದರ ಹೊದ್ದು ಬೆಳೆದದ್ದು. ಆ ಕಾಲನಿಯೊಳಗೆ ಕತ್ತಲಾದ ಮೇಲೆ ಚಿರತೆ ಬರುವುದು, ನಾಯಿಗಳನ್ನು ಒಯ್ಯುವುದು ಹೊಸತಲ್ಲ. ಅದಕ್ಕೇ ದೀಪ ಹಚ್ಚುವ ಹೊತ್ತಿಗೆ ದ್ಯಾಮಪ್ಪ ಪಿಂಟ್ಯಾನನ್ನು ಒಳಗೆ ಕರೆದು ಅಗುಳಿ ಹಾಕುತ್ತಿದ್ದ. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟು, ದಾಂಡೇಲಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದಾಗ ಮಾಲೀಕರು ಒಂದೇ ಮಾತು ಹೇಳಿದರು, ನಾಯಿ ನಡೆಯುವುದಿಲ್ಲ. ಅದೇ ಹೊತ್ತಿಗೆ ಅಳಿಯ ರೋಹಿತ, "ನಮ್ಮ ಹೊಲಕ್ಕೂ ಒಂದು ನಾಯಿ ಬೇಕಾಗೇತ್ರಿ ಮಾವಾರ" ಎಂದದ್ದು ದೇವರೇ ಹೇಳಿಸಿದಂತಾಯಿತು.

ಕೊಟ್ಟದ್ದೇನೋ ಆಯಿತು. ಆದರೆ ಬೀಗರ ಮನೆಗೆ ಕೊಟ್ಟದ್ದನ್ನು ಮತ್ತೆ ಕೇಳುವುದುಂಟೆ? ವಾಪಸ್ ಕೇಳುವುದಿರಲಿ, ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರೂ ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದಂತೆಯೇ. ಇಲ್ಲಿ ಪಿಂಟ್ಯಾ ಉಳಿದ ರೊಟ್ಟಿ ತಿನ್ನುತ್ತಿತ್ತು. ಸಂಜೆಯಾದರೆ ಬೀಗ ಶಿವಲಿಂಗನ ಜೊತೆ ಗೋವಿನಜೋಳದ ಹೊಲಕ್ಕೆ ಹಂದಿ ಕಾಯಲು ಹೋಗುತ್ತಿತ್ತು. ಶಿವಲಿಂಗ ಹೊಲದ ಕಾವಲು ಅಟ್ಟದ ಮೇಲೆ, ನಾಯಿ ಅಟ್ಟದ ಕೆಳಗೆ ಕಂಬಕ್ಕೆ ಕಟ್ಟಿ. ಇದು ಗೊತ್ತಾದಂದಿನಿಂದ ದ್ಯಾಮಪ್ಪನಿಗೆ ದಾಂಡೇಲಿಯಲ್ಲಿ ಅನ್ನ ಇಳಿಯಲಿಲ್ಲ. ಕಣ್ಣಾರೆ ನೋಡಿ ಬಂದರೆ ಎರಡು ದಿನ ಸಮಾಧಾನ, ಆಮೇಲೆ ಮತ್ತೆ ಬಸ್ಸು. "ನಾಯಿ ನೋಡಾಕ ಬೀಗರ ಮನೀಗೆ ಹೋಗೋ ಮನಷ್ಯಾನ್ನ ನಾ ಎಲ್ಲೂ ಕಂಡಿಲ್ಲ ನೋಡ್ರಿ" ಎಂದು ಹೆಂಡತಿ ನಿರ್ಮಲಾ ಬಾಯಿಗೆ ಬಂದಂತೆ ಅಂದಳು, ಅಂದು ಚೀಲಕ್ಕೆ ಬಾಳೆಹಣ್ಣೂ ಹಾಕಿ ಕೊಟ್ಟಳು.

ಬಾಳೆಹಣ್ಣಿನ ಕೆಳಗೆ ಪಿಂಟ್ಯಾನ ಬಿಸ್ಕೀಟು ಪಾಕೀಟುಗಳಿರುತ್ತಿದ್ದವು. ಅವನ್ನು ಅವನು ಮಗಳ ಕೈಗೆ ಗುಟ್ಟಾಗಿ ಕೊಡುತ್ತಿದ್ದ. "ದಿನಾ ಒಂದೆರಡು ಹಾಕವಾ ಅದಕ್ಕ." ರೊಟ್ಟಿ ತಿನ್ನುವ ನಾಯಿಗೆ ಬಿಸ್ಕೀಟು ಹಾಕುವುದನ್ನು ಕಂಡರೆ ಅತ್ತೆ ನಕ್ಕಾಳೆಂದು ಜ್ಯೋತಿ ಅವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದಳು. ಅವಳ ಮಟ್ಟಿಗೆ ಅಪ್ಪ ಬರುವುದು ತನ್ನನ್ನು ನೋಡಲು, ಬಿಸ್ಕೀಟು ಬರೀ ನೆಪಕ್ಕೆ. ನಳದ ಹತ್ತಿರ ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬೀಗಿದ್ದಳು, "ನಮ್ಮಪ್ಪಗ ನನ್ನ ಬಿಟ್ಟಿರಾಕ ಆಗೂದ ಇಲ್ಲ."

ಹೋಳಿಗೆಯಾಯಿತು. ದ್ಯಾಮಪ್ಪನ ತಾಟಿಗೆ ಮಾಲವ್ವ ಎರಡು ಬಡಿಸಿದಳು, ಕಟ್ಟಿನ ಸಾರು ಬಡಿಸಿದಳು. ಆಮೇಲೆ ಒಳಗೆ ಹೋಗಿ ಬಂದು, ನಾಲ್ಕು ಬಿಸ್ಕೀಟು ಪಾಕೀಟುಗಳನ್ನು ತಾಟಿನ ಪಕ್ಕದಲ್ಲಿ ಇಟ್ಟಳು.

"ಬೀಗರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮನ್ಯಾಗ ನಿಮ್ಮ ಮಗಳಿಗೆ ಹೊಟ್ಟಿ ತುಂಬೂದಿಲ್ಲಂತ ಯಾರ್ ಹೇಳ್ಯಾರ್ರೀ ನಿಮಗ?"

ದ್ಯಾಮಪ್ಪ ಮುರಿದಿದ್ದ ಹೋಳಿಗೆಯ ತುಂಡನ್ನು ತಾಟಿಗೇ ಇಟ್ಟ.

"ಮುಂಜಾನಿ ಆಕಿ ಟ್ರಂಕಿನ್ಯಾಗ ಸೀರಿ ಇಡಾಕ ಹ್ವಾದೆ, ಇವು ಸಿಕ್ಕವು. ಸೀರಿ ತೆಳಗ ಮುಚ್ಚಿಟ್ಟು ತಿನ್ನೂವಂಥಾದ್ದು ಏನು ಬಂದೈತ್ರಿ ಆಕಿಗೆ? ಆಕಿ ಉಣ್ಣೂಕಿಂತ ಮೊದಲ ನಾ ಒಂದು ದಿನ ಉಂಡಿಲ್ಲ. ನೀವು ನೋಡಿದ್ರ ವಾರಕ್ಕ ಎರಡ ಸಲ ಪರೀಕ್ಷಾ ಮಾಡಾಕ ಬರ್ತೀರಿ. ಓಣ್ಯಾಗ ಮಂದಿ ಏನಂತಾರ ಗೊತ್ತೈತೇನ್ರಿ? ಏನಬೇ ಮಾಲವ್ವಾ, ಸೊಸಿಗೆ ಏನರ ಕಾಟ ಕೊಡ್ತೀಯೇನು ಅಂತ ಕೇಳ್ತಾರ." ಮಾಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಟ್ಟೆಯ ಮಗಳಂತೆ ನೋಡಿಕೊಂಡ ಸೊಸೆ ಅವಳು, ನೋವಾಗದೆ ಇರುತ್ತದೆಯೇ?

ಅಡುಗೆಮನೆಯ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಜ್ಯೋತಿ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪನೇ ಮಾತಾಡಿಬಿಟ್ಟ.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ, ಹಂಗನ್ನಬ್ಯಾಡ್ರಿ. ಆ ಬಿಸ್ಕೀಟ ಆಕೀವಲ್ಲ, ಪಿಂಟ್ಯಾನ್ವು. ನಾ ಬರೂದೂ..." ತಾಟಿನ ಕಡೆಗೆ ತಲೆ ತಗ್ಗಿಸಿದ. "ನಾ ಬರೂದೂ ಪಿಂಟ್ಯಾನ್ನ ನೋಡಾಕ್ರಿ."

ಜ್ಯೋತಿ ಗಿಂಡಿಯನ್ನು ಹೊಸ್ತಿಲ ಮೇಲೆಯೇ ಇಟ್ಟು ಹಿತ್ತಲಿಗೆ ಹೋದಳು.

"ನಾಯಿ ನೋಡಾಕ?" ಎಂದಳು ಮಾಲವ್ವ.

"ಹೌದ್ರಿ."

"ಅಯ್ಯ ನನ್ನ ಶಿವನ! ಎಷ್ಟು ಬ್ಯಾಳಿ ಕುದಿಸೇನ್ರೀ ನಾನು! ಎಷ್ಟು ಹೂರಣ ರುಬ್ಬೇನಿ! ನಾಯಿ ನೋಡಾಕ ಬಂದವ್ರಿಗೆ!" ನಗಬೇಕೋ ಬಯ್ಯಬೇಕೋ ಅವಳಿಗೇ ತಿಳಿಯಲಿಲ್ಲ.

ಮರ್ಯಾದೆ ಹೇಗೂ ಹೋಗಿತ್ತು. ದ್ಯಾಮಪ್ಪ ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಹೇಳಿದ. "ಇಷ್ಟ ಮಾಡ್ರಿ ಅಕ್ಕಾರ, ರಾತ್ರಿ ಹೊಲದಾಗ ಅದನ್ನ ಕಟ್ಟಬ್ಯಾಡ್ರಿ. ಚಿರತಿ ಬಂದ್ರ ಬಿಟ್ಟ ನಾಯಿ ಹೆಂಗರ ಓಡಿ ಜೀವಾ ಉಳಿಸ್ಕೋತೈತಿ. ಕಟ್ಟಿದ್ದು ಏನ್ ಮಾಡಬೇಕು? ನಮ್ಮ ಕಾಲನಿಯಾಗ ಮುಂಜಾನಿ ಎದ್ದು ನೋಡಿದ್ರ ಬರೇ ಸರಪಳಿ ಬಿದ್ದಿರ್ತಿತ್ತು. ನಾ ಕಣ್ಣಾರೆ ಕಂಡೇನಿ."

ಮಾಲವ್ವ ಅವನ ಎದುರಿಗೆ ನೆಲದ ಮೇಲೆಯೇ ಕುಳಿತಳು. "ಬಿಟ್ರ ಅದು ಎಲ್ಲಿಗೆ ಹೊಕ್ಕೈತಿ ಗೊತ್ತೈತೇನ್ರಿ? ಬಸ್ ಸ್ಟ್ಯಾಂಡಿಗೆ. ನೀವು ಹತ್ತಿ ಹ್ವಾದ ಜಾಗಾದಾಗ ಕುಂದರ್ತೈತಿ. ಹಳಿಯಾಳ ಬಸ್ ಬಂದ್ರ ಅದರ ಬೆನ್ನ ಹತ್ತಿ ಓಡ್ತೈತಿ. ಒಮ್ಮೆ ಗಾಲಿಗೆ ಸಿಗೂದು ಕೂದಲೆಳೀಲಿ ತಪ್ಪೇತಿ. ನೀವು ಬಂದು ಹ್ವಾದ ದಿನ ಅಂತೂ ರೊಟ್ಟಿ ಮೂಸೂದೂ ಇಲ್ಲ. ಅದಕ್ಕ ಕಟ್ಟತೇವ್ರಿ. ನಮಗೇನು ಅದರ ಮ್ಯಾಲ ಹಗಿ ಐತೇನು? ನಿಮಗ ಹೇಳಿದ್ರ ಜೀವಾ ಚುರ್ ಅಂತೈತಿ ಅಂತ ಹೇಳಲಿಲ್ಲ."

ದ್ಯಾಮಪ್ಪ ಕೊಟ್ಟಿಗೆಯ ಕಡೆ ಹೊರಳಿ ನೋಡಿದ. ತಾನು ಸಮಾಧಾನಕ್ಕೆಂದು ಬರುತ್ತಿದ್ದ. ಬಂದು ಹೋದಾಗಲೆಲ್ಲ ಆ ಮೂಕಪ್ರಾಣಿಗೆ ಮತ್ತೊಮ್ಮೆ ಬಿಟ್ಟು ಹೋದಂತೆ ಆಗುತ್ತಿತ್ತು. ಇದು ಅವನ ತಲೆಗೆ ಹೊಳೆದೇ ಇರಲಿಲ್ಲ. ಹೋಳಿಗೆ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡ. ಮಾಲವ್ವ ಒತ್ತಾಯ ಮಾಡಲಿಲ್ಲ.

ಹಿತ್ತಲಲ್ಲಿ ಜ್ಯೋತಿ ಒಗೆಯುವ ಕಲ್ಲಿನ ಬಳಿ ಕುಳಿತು, ಆಗಲೇ ತೊಳೆದಿದ್ದ ಬೋಗುಣಿಯನ್ನು ಮತ್ತೆ ಉಜ್ಜುತ್ತಿದ್ದಳು. ಅಪ್ಪ ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ಜ್ಯೋತಿ."

"ನೀರಿಗೆ ಹ್ವಾದಲ್ಲೆಲ್ಲಾ ಹೇಳ್ಕೊಂಡು ತಿರಗೇನಿ ನಾನು, ನಮ್ಮಪ್ಪ ನನ್ನ ನೋಡಾಕ ಬರ್ತಾನ ಅಂತ. ಹುಚ್ಚಿ ನಾನು."

"ಹಂಗಲ್ಲವಾ..."

"ಮತ್ತ ಹೆಂಗ? ನನ್ನ ಮದವಿ ಮಾಡಿ ಕಳಸೂ ಮುಂದ ನಿನ್ನ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ನಾಯಿ ಟೆಂಪೋ ಹತ್ತೂ ಮುಂದ ಟಾವೆಲ್ ಮಾರಿಗೆ ಹಿಡಕೊಂಡಿ. ನೋಡಿಲ್ಲಂತ ತಿಳದಿಯೇನು?"

ದ್ಯಾಮಪ್ಪ ಕಲ್ಲಿನ ಮೇಲೆ ಕುಳಿತ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಹಳಿಯಾಳದ ಕೆಲಸ ಎಂಬ ಒಂದೇ ಸುಳ್ಳನ್ನು ಇಷ್ಟು ದಿನ ತಿರುಗಿಸಿ ಮುರುಗಿಸಿ ಹೇಳುತ್ತ ಬಂದಿದ್ದ. "ನಿನ್ನ ಯಾರ ಕೈಯಾಗ ಕೊಟ್ಟೇನಿ ಅನ್ನೂದು ನನಗ ಗೊತ್ತಿತ್ತವಾ. ಬ್ಯಾಸರಾದ್ರ ನೀ ಫೋನ್ ಹಚ್ತಿ. ಮೈಯಾಗ ಆರಾಮಿಲ್ಲಂದ್ರ ಹೇಳ್ತಿ. ಸಿಟ್ಟು ಬಂದ್ರ ಹಿಂಗ ಮಾರಿಗೆ ಹೊಡದಂಗ ಅಂತಿ. ಅದಕ್ಕ ಏನ ಬರ್ತೈತಿ ಹೇಳು? ನಾ ಯಾಕ ಬಿಟ್ಟು ಹ್ವಾದೆ ಅನ್ನೂದು ಅದಕ್ಕ ಹೆಂಗ ತಿಳೀಬೇಕು?"

ಜ್ಯೋತಿಯ ಕೈ ನಿಂತಿತು. "ಖರೇ ಹೇಳು. ನನ್ನ ನೋಡಾಕಂತ ಒಮ್ಮೆರ ಬಂದಿಯೇನು?"

ಅವನು ಯೋಚನೆ ಮಾಡಿದ. "ಬಂದ ಮ್ಯಾಲ ನೋಡ್ತಿದ್ದೆ."

"ಒಂದು ಸುಳ್ಳರ ಹೇಳಬಾರ್ದೇನಪ್ಪಾ!" ಎಂದು ಜ್ಯೋತಿ ಬೋಗುಣಿಯನ್ನು ಕುಕ್ಕಿದಳು. ಕಣ್ಣಲ್ಲಿ ನೀರು ತುಂಬಿತ್ತು, ಅದರ ನಡುವೆಯೇ ಫಕ್ಕನೆ ನಗೆಯೂ ಬಂತು. ಬಂದ ನಗೆಗೆ ಅವಳಿಗೇ ಸಿಟ್ಟು ಬಂದು ಮುಖ ತಿರುಗಿಸಿಕೊಂಡಳು.

ಹಿತ್ತಲ ಬಾಗಿಲಲ್ಲಿ ಮಾಲವ್ವ ಬಂದು ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಸೊಂಟದ ಮೇಲೆ ಕೈಯಿಟ್ಟು, ಪಂಚಾಯತಿ ಮುಗಿಸುವವಳ ಹಾಗೆ ಮಾತಾಡಿದಳು.

"ಕೇಳ್ರಿಲ್ಲೆ ಬೀಗರ. ನೀವು ಬೀಗರಾಗಿ ಬರೂದಿದ್ರ ಹಬ್ಬಕ್ಕ ಬರ್ರಿ, ಮುಂಚಿಬಾಗಲಿಂದ ಬರ್ರಿ, ಬೀಗತಿನ್ನೂ ಕರಕೊಂಡು ಬರ್ರಿ. ಹೋಳಿಗಿ ಮಾಡಿ ಹಾಕ್ತೇನಿ, ಹೊಟ್ಟಿ ಒಡಿಯೂ ಹಂಗ ಬಡಸ್ತೇನಿ. ನಾಯಿ ನೋಡಾಕ ಬರೂದಿದ್ರ ಸೋಮವಾರಕ್ಕೊಮ್ಮೆ ಬರ್ರಿ, ಹಿತ್ತಲದಾಗಿಂದ ಬರ್ರಿ. ನಾ ಮಾತಾಡ್ಸೂದಿಲ್ಲ, ಕಾಲಿಗೆ ನೀರು ಕೊಡೂದಿಲ್ಲ. ಮನ್ಯಾಗ ಇದ್ದ ರೊಟ್ಟಿ ಚಟ್ನಿ ತಿಂದು ಹೋಗ್ರಿ. ಬ್ಯಾಡ ಅಂದ್ರ ಅದೂ ಬ್ಯಾಡ. ಆದ್ರ ಹಚ್ಚಿಕೊಂಡ ಮ್ಯಾಲ ತಪ್ಪಸ್ಬ್ಯಾಡ್ರಿ. ಇಂಥಾ ದಿನ ಬರ್ತಾರ ಅನ್ನೂದು ರೂಢಿ ಆದ್ರ ಅದೂ ಬಸ್ಸಿನ ಬೆನ್ನ ಹತ್ತೂದು ಬಿಡ್ತೈತಿ."

"ರಾತ್ರಿ ಹೊಲದಾಗ..." ಎಂದ ದ್ಯಾಮಪ್ಪ.

"ಇವ್ರಿಗೆ ಹೇಳ್ತೇನಿ. ಅಟ್ಟದ ಮ್ಯಾಲ ಹತ್ತಿಸ್ಕೊಂಡು ಮಲಗಲಿ. ಇಬ್ರೂ ಕೂಡಿ ಗೊರಕಿ ಹೊಡದ್ರ ಹಂದಿ ಆ ಸಪ್ಪಳಕ್ಕ ಓಡಿ ಹೊಕ್ಕಾವು."

ಆ ಸಂಜೆ ಬಸ್ಸಿನ ಹೊತ್ತಿಗೆ ಮಾಲವ್ವ ನಾಯಿಯನ್ನು ಪಡಸಾಲೆಯ ಒಳಗೆ ಕೂಡಿಹಾಕಿ, ಬಾಗಿಲು ಹಾಕಿಕೊಂಡು ತಾನೂ ಒಳಗೇ ಕುಳಿತಳು. ದ್ಯಾಮಪ್ಪ ಹೋದದ್ದನ್ನು ಅದು ನೋಡಲಿಲ್ಲ. ಮಗಳೂ ಬಾಗಿಲಿಗೆ ಬರಲಿಲ್ಲ. ದಾರಿಯುದ್ದಕ್ಕೂ ಅವನಿಗೆ ಅದೇ ಕೊರೆಯಿತು. ಒಂದು ಕಡೆ ಮೂಕಪ್ರಾಣಿ, ಇನ್ನೊಂದು ಕಡೆ ಬಾಯಿದ್ದ ಮಗಳು. ಬಾಯಿದ್ದವರಿಗೆ ನೋವಾಗುವುದಿಲ್ಲ ಎಂದು ತಾನು ಹೇಗೆ ತಿಳಿದುಕೊಂಡೆ?

ಸೋಮವಾರ ಬಂತು. ಮಾಲವ್ವ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಬೀಗರು ಚೀಲ ಹಿಡಿದು ಓಣಿಯಲ್ಲಿ ಬರುವುದನ್ನು ಕಂಡು ಆ ಕಡೆ ತಿರುಗಿ ಕುಳಿತಳು. ಸೆರಗು ಎಳೆದುಕೊಳ್ಳಲಿಲ್ಲ. ಅವನೂ ಅವಳನ್ನು ನೋಡದವನಂತೆ ಬೇಲಿಯ ಪಕ್ಕದಿಂದ ಹಿತ್ತಲಿಗೆ ಹೊರಳಿದ. ಎದುರು ಮನೆಯವಳು ಕಟ್ಟೆಯ ಮೇಲೆ ನಿಂತು ಬಾಯಿ ತೆರೆದುಕೊಂಡು ನೋಡಿದಳು. ನೋಡಲಿ, ಮಾಲವ್ವನಿಗೇನು?

"ಹಿತ್ತಲದಾಗ ಯಾರೋ ಬಂದಾರ ನೋಡವಾ" ಎಂದು ಒಳಗೆ ಕೂಗಿದಳು.

ಜ್ಯೋತಿ ಹೊರಗೆ ಬಂದು ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚಿದಳು. ಪಿಂಟ್ಯಾ ಒಂದೇ ಜಿಗಿತಕ್ಕೆ ಬಂದು ದ್ಯಾಮಪ್ಪನ ಎದೆಗೆ ಕಾಲು ಕೊಟ್ಟು ನಿಂತಿತು. ಮುಖ ನೆಕ್ಕಿತು, ಟೊಪ್ಪಿಗೆ ಕೆಡವಿತು, ಕುಂಯ್ಗುಡುತ್ತ ಅವನನ್ನು ಎರಡು ಹೆಜ್ಜೆ ಹಿಂದಕ್ಕೆ ನೂಕಿತು. ಅವನು ಎರಡು ಕೈಯಿಂದಲೂ ಅದನ್ನು ತಡೆದು ಹಿಡಿದು, ಅದರ ತಲೆಯ ಮೇಲಿಂದ ಮಗಳನ್ನು ನೋಡಿದ.

"ಹೆಂಗದೀವಾ? ಸೊರಗೀಯಲ್ಲ" ಎಂದ.

ಜ್ಯೋತಿ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ನಾಯಿ ಅವನ ಗದ್ದಕ್ಕೆ ತಲೆಯಿಂದ ಗುದ್ದುತ್ತಿತ್ತು. ಅವನು ಕಣ್ಣು ತೆಗೆಯಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ.

"ಮೊದಲ ಅವನ್ನ ಮಾತಾಡ್ಸಪ್ಪಾ" ಎಂದಳು ಅವಳು. "ನಾ ರೊಟ್ಟಿ ತರ್ತೇನಿ, ಕೂಡೇ ಉಣ್ಣೂಣು."