ಕುರ್ಚಿಯ ಮೇಲಿನ ಹುಳ

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, ಚಿಂತಾಕಿಯ ಹಾವಗೆಪ್ಪ ತನ್ನ ಜೋಳ ತಿನ್ನುತ್ತಿದ್ದ ಹುಳವೊಂದನ್ನು ಅದು ಕೂತಿದ್ದ ಎಲೆಗರಿಯ ಸಮೇತ ಬೀದರಿನ ಮಾಧವರಾಯರ ಫೋಟೊ ಅಂಗಡಿಗೆ ತಂದ. ಹುಳ ಯಾವುದೆಂದು ತಿಳಿಯದೆ ಹೈದರಾಬಾದಿನ ಬೇಸಾಯದ ಸಾಹೇಬರು ಔಷಧ ಹೇಳುವಂತಿರಲಿಲ್ಲ. ಡಬ್ಬಿಯಲ್ಲಿ ಕಳಿಸಿದ ಹುಳಗಳೆಲ್ಲ ದಾರಿಯಲ್ಲೇ ಪುಡಿಯಾಗಿದ್ದವು.

ರಾಯರು ಗರಿಯನ್ನು ಗಿರಾಕಿಗಳು ಕೂರುವ ಕುರ್ಚಿಯ ಮೇಲಿಟ್ಟರು. ಕ್ಯಾಮೆರಾ ಎಷ್ಟು ಹತ್ತಿರ ತಂದರೂ ಹುಳ ಮಸುಕು ಚುಕ್ಕೆಯಾಗಿಯೇ ಕಂಡಿತು.

“ಬ್ಯಾರೆ ಲೆನ್ಸು ಬೇಕೇನ್ರಿ?” ಹಾವಗೆಪ್ಪ ಅಳುಕುತ್ತ ಕೇಳಿದ.

“ಯಾಕ್ರಿ? ಇದ್ದದ್ದನ್ನ ತಿರುವಿದ್ರ ಆಯ್ತು.” ರಾಯರು ಲೆನ್ಸು ಬಿಚ್ಚಿ, ಹಿಂದುಮುಂದು ಮಾಡಿ ಕೂಡಿಸಿದರು. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ಹುಳದ ಮೀಸೆ, ಕಾಲಿನ ಮುಳ್ಳು, ಬೆನ್ನಿನ ಪಟ್ಟೆ ಎದ್ದು ಬಂದವು. ಆದರೆ ಹುಳ ಹರಿದಾಡತೊಡಗಿತು.

ತಲೆಗೆ ಹೊದ್ದ ಕರಿ ಬಟ್ಟೆಯೊಳಗಿಂದ ರಾಯರು ರೂಢಿಯಂತೆ ಹೇಳಿದರು: “ಅಲುಗಾಡಬ್ಯಾಡ್ರಿ. ಗದ್ದ ಸ್ವಲ್ಪ ಮ್ಯಾಲ ಮಾಡ್ರಿ.”

“ನನ್ನ ಬೆಳಿ ತಿಂದದ್ದಕ್ಕ ‘ರೀ’ ಅಂತೀರಲ್ರಿ, ರಾಯರ?”

“ಈ ಕುರ್ಚಿಗಿ ಬಂದವರಿಗೆಲ್ಲಾ ಹಂಗ ಅನ್ನೂದ್ರಿ. ಜಾಗೀರದಾರರಿಗೂ ಅದ ಮಾತು, ಇದಕ್ಕೂ ಅದ ಮಾತು.”

ಹುಳ ಗರಿಯ ಅಂಚು ಕಚ್ಚಿಕೊಂಡು ತಣ್ಣಗೆ ಕುಳಿತಿತು. ರಾಯರು ಲೆನ್ಸಿನ ಮುಚ್ಚಳ ತೆಗೆದು, ಉಸಿರು ಹಿಡಿದು ನಿಂತು, ಮತ್ತೆ ಮುಚ್ಚಿದರು.

ಸಂಜೆ ಒಣಗಿದ ಫೋಟೊದಲ್ಲಿ ಹುಳ ಅಂಗೈಯಷ್ಟಿತ್ತು. ಹಾವಗೆಪ್ಪ ಅದನ್ನು ಧೋತರದ ಅಂಚಿನಿಂದ ಮೆಲ್ಲಗೆ ಒರೆಸಿದ.

“ಇನ್ನ ಹೈದರಾಬಾದಿಗಿ ಹೋದ್ರೂ ಪುಡಿ ಆಗೂದಿಲ್ರಿ ಇದು,” ಎಂದ.