ಬದುವಿನಾಚೆಯ ಕಾಯಿ

ಹಂಚಿನ ಮೇಲಿನ ರೊಟ್ಟಿಗೆ ಏಂಜಲಿನಾ ನೀರು ಸವರುತ್ತಿದ್ದಳು. ಅಷ್ಟರಲ್ಲಿ ಎದುರುಮನೆಯ ಅನುಸೂಯಾಬಾಯಿ ಬಾಗಿಲಿಗೆ ಬಂದು, "ಒಲಿ ಆರಿಸವ್ವ. ನಿನ್ನ ಜೋಡಿ ಮಾತದ," ಅಂದಳು. ನಾಳೆ ಎಳ್ಳಮಾವಾಸ್ಯೆ. ಹಬ್ಬದ ಕಾಳುಪಲ್ಯವಾದ ಭಜ್ಜಿಗೆ ಅವರೆ, ಕಡಲೆಯ ಹಸಿ ಕಾಯಿ ಹರಿಯಲು ಪ್ರತಿ ವರ್ಷದಂತೆ ಮನ್ನಳ್ಳಿಯ ತನ್ನ ಹೊಲಕ್ಕೆ ಕರೆಯಲು ಬಂದಿರಬೇಕು ಅಂದುಕೊಂಡಳು ಏಂಜಲಿನಾ. ಆದರೆ ಮುದುಕಿಯ ಕೈಯಲ್ಲಿ ಬುಟ್ಟಿ ಇರಲಿಲ್ಲ.

"ನಾ ಕಾಯಿ ಕದಿಯೋದು ಪೇಪರದಾಗ ಹಾಕಿದಿಯಂತ?"

"ಪೇಪರ ಅಲ್ರಿ ಆಯಿ, ಬ್ಲಾಗ. ಫೋನದಾಗ ಬರೀತೇನಲ್ರಿ..."

"ಎಲ್ಲೆರೆ ಹಾಕು. ಬಾಜೂ ಹೊಲದ ಶಾಲುಬಾಯಿಗಿ ಅಕಿ ಮೊಮ್ಮಗಳು ಸೋನಾಲಿ ಭಾಲ್ಕಿಯಿಂದ ಫೋನ ಮಾಡಿ ಪೂರಾ ಓದಿ ಹೇಳ್ಯಾಳ."

ಏಂಜಲಿನಾ ಒಲೆ ಆರಿಸಿದಳು.

ಅವಳ ಬ್ಲಾಗು ಅಂಥ ದೊಡ್ಡದೇನಲ್ಲ. ಹಾಲು ಕಾಯುವಷ್ಟರಲ್ಲಿ ಒಂದು ಸಾಲು, ಬಟ್ಟೆ ನೆನೆಯುವಷ್ಟರಲ್ಲಿ ಇನ್ನೊಂದು. ನೆಟ್‌ವರ್ಕು ಹೋಗಿ ಬರೆದದ್ದೆಲ್ಲ ಮಾಯವಾದ ದಿನ ಪಲ್ಯಕ್ಕೆ ಉಪ್ಪು ಹಾಕುವುದೇ ಮರೆತುಹೋಗುತ್ತಿತ್ತು. ಔರಾದದಲ್ಲಿ ಮಾಸ್ತರನಾಗಿರುವ ಗಂಡ ದಾನಿಯೇಲ ಬಸ್ಸಿನಲ್ಲಿ ಕೂತು ಓದಿ 'ಛಲೋ ಅದ' ಎಂದು ಬರೆಯುತ್ತಿದ್ದ. ಓದದ ದಿನವೂ ಅದನ್ನೇ ಬರೆಯುತ್ತಿದ್ದ. ಕಾಯಿಯ ಬರಹ ಮಾತ್ರ ಹೇಗೋ ಊರೂರು ತಿರುಗಿತ್ತು. ಪುಣೆಯಲ್ಲಿ ನರ್ಸಾಗಿರುವ ಯಾರೋ ಒಬ್ಬಳು 'ನಮ್ಮವ್ವ ನೆನಪಾಗಿ ಡ್ಯೂಟಿಯಲ್ಲೇ ಅತ್ತೆ ಅಕ್ಕಾ' ಎಂದು ಬರೆದಿದ್ದಳು. ಆ ಸಾಲನ್ನು ಏಂಜಲಿನಾ ಕೆಲಸದ ನಡುವೆ ಎಷ್ಟು ಸಲ ತೆರೆದು ನೋಡಿದ್ದಳೋ!

ಬರೆದದ್ದು ಮೆಚ್ಚಿಯೇ. ಅನುಸೂಯಾಬಾಯಿಯ ಹೊಲಕ್ಕೂ ಶಾಲುಬಾಯಿಯ ಹೊಲಕ್ಕೂ ನಡುವೆ ಒಂದೇ ಬದು. ಹಬ್ಬದ ಮುನ್ನಾದಿನ ಶಾಲುಬಾಯಿ ಆ ಕಡೆ ಮುಖ ತಿರುಗಿಸಿ, ಇಲ್ಲದ ಎಮ್ಮೆಯನ್ನು ಬೈಯುತ್ತ ನಿಲ್ಲುವಳು. ಅನುಸೂಯಾಬಾಯಿ ಬದು ದಾಟಿ ಉಡಿ ತುಂಬ ಅವರೆ, ಕಡಲೆ ಹರಿದುಕೊಳ್ಳುವಳು. ಆಮೇಲೆ ಮುಖ ತಿರುಗಿಸುವ ಸರದಿ ಇವಳದು, ಕದಿಯುವ ಸರದಿ ಅವಳದು. ಎರಡೂ ಹೊಲದಲ್ಲಿ ಅದೇ ಬೆಳೆ, ಆದರೂ ಕದ್ದ ಕಾಯಿಯ ರುಚಿಯೇ ಬೇರೆ. ಇಬ್ಬರೂ ಸೊಸೆಯರಾಗಿ ಬಂದಾಗಿನಿಂದ ನಡೆದುಬಂದ ಈ ಕಳವಿನ ಬಗ್ಗೆ ಒಬ್ಬರ ಮುಂದೆ ಒಬ್ಬರು ಎಂದೂ ಬಾಯಿಬಿಟ್ಟಿರಲಿಲ್ಲ.

"ಈಗೇ ಅಳಸಿ ಬಿಡ್ತೇನ್ರಿ ಆಯಿ."

"ಶಾಲೂನ ತಲ್ಯಾಗಿಂದ ಹ್ಯಾಂಗ ಅಳಸ್ತಿ?" ಮುದುಕಿ ಹೊಸ್ತಿಲ ಮೇಲೆ ಕೂತಳು. "ಬರದಿದ್ದೇನೋ ಛಂದ ಬರದಿ. ನಾನೂ ಓದಿಸ್ಕೊಂಡೆ. ಆ ಎಮ್ಮಿ ಮಾತಿಗಿ ನಗಿ ತಡೀಲಿಲ್ಲ. ಆದ್ರ ಎಲ್ಲಾರಿಗೂ ಗೊತ್ತಾದ ಮ್ಯಾಲ ಇನ್ನ ನಾ ಆ ಬದು ಹ್ಯಾಂಗ ದಾಟ್ಲಿ ಹೇಳು?"

ರೊಟ್ಟಿ ಮುರಿಯುತ್ತಿದ್ದ ಮಗಳು ಸುಜಿ ತಲೆಯೆತ್ತಿದಳು. "ಆಯಿ, ಹಂಗಾದ್ರ ಇವತ್ತ..."

"ಸುಮ್ಕಿರು," ಎಂದಳು ತಾಯಿ.

ಆದರೂ ಕಾಯಿಯಿಲ್ಲದೆ ಭಜ್ಜಿಯಾಗುವುದಿಲ್ಲವಲ್ಲ. ಬುಟ್ಟಿ ಹಿಡಿದು ಮೂವರೂ ಆಟೋ ಹತ್ತಿದರು. ದಾರಿಯಲ್ಲಿ ಸುಜಿ ಮತ್ತೆ ಬಾಯಿ ತೆರೆದಳು. ಏಂಜಲಿನಾ ಮೆಲ್ಲಗೆ ಅವಳ ತೊಡೆ ಅದುಮಿದಳು.

ಶಾಲುಬಾಯಿ ತನ್ನ ಹೊಲದ ಅಂಚಿನಲ್ಲೇ ನಿಂತಿದ್ದಳು. "ಬರ್ರಿ ಅನುಸೂಯಾಬಾಯಿ. ಆರಾಮ ಇದ್ದೀರಿ?"

'ಏ ಅನಸೂ, ಜೀವ ಅದೇನ ಇನ್ನಾ?' ಎಂದು ಅರ್ಧ ಊರಿಗೆ ಕೇಳುವಂತೆ ಕೂಗುತ್ತಿದ್ದ ಹೆಂಗಸು ಇವಳು. ಆ 'ರಿ' ಕೇಳಿ ಏಂಜಲಿನಾಳಿಗೆ ಅಳುವೇ ಬಂತು.

"ಆರಾಮ್ರಿ. ನೀವು?"

"ಹ್ಞೂಂ. ಬೇಕಾದಷ್ಟ ಹರ್ಕೋರಿ. ನಿಮ್ದೇ ಹೊಲ ಅಂತ ತಿಳೀರಿ."

"ಬ್ಯಾಡ್ರಿ, ಬ್ಯಾಡ್ರಿ. ನಮ್ಮಲ್ಲೇ ರಗಡ ಅದಾವ."

"ತಪ್ಪು ನಂದದ್ರಿ ಆಯಿ," ಎಂದಳು ಏಂಜಲಿನಾ, ಶಾಲುಬಾಯಿಯ ಕಡೆ ನೋಡಿ. "ನಿಮ್ಮಿಬ್ಬರ ಜೋಡಿ ನೋಡಿ ಖುಷಿಯಾಗಿ ಬರದೆ. ಬರೀಬಾರದಿತ್ತು."

"ನಿಂದೇನ ತಪ್ಪವ್ವ? ಇದ್ದದ್ದ ಬರದಿ." ಶಾಲುಬಾಯಿ ನಗಲು ನೋಡಿದಳು. "ಖರೇ ಹೇಳ್ಬೇಕಂದ್ರ, ನನಗಿಷ್ಟ ಛಲೋ ಎಮ್ಮಿ ಬೈಲಿಕ್ಕಿ ಬರ್ತದಂತ ನನಗೇ ಗೊತ್ತಿರಲಿಲ್ಲ."

ಅನುಸೂಯಾಬಾಯಿ ತನ್ನ ಹೊಲದಲ್ಲಿ ಬಗ್ಗಿದಳು, ಶಾಲುಬಾಯಿ ತನ್ನದರಲ್ಲಿ. ಕಾಯಿ ಹರಿಯುವ ಸದ್ದಷ್ಟೇ ಕೇಳುತ್ತಿತ್ತು. ಏಂಜಲಿನಾಳ ಸೆರಗಿನ ಗಂಟಿನಲ್ಲಿ ಫೋನು ಗುಂಯ್ ಅಂದಿತು, ಯಾರೋ ಏನೋ ಬರೆದಿರಬೇಕು. ಅವಳು ತೆಗೆದು ನೋಡಲಿಲ್ಲ. ಅನುಸೂಯಾಬಾಯಿಯ ಬುಟ್ಟಿ ಅರ್ಧವಾಗಿತ್ತು. ಆದರೂ ಅವಳ ಕಣ್ಣು ಬದುವಿನಾಚೆ ತೂಗುತ್ತಿದ್ದ ಅವರೆಯ ಗೊಂಚಲಿನ ಮೇಲೆ ಹೋಗಿ ಬರುತ್ತಿತ್ತು.

ಸುಜಿ ಕಾಯಿ ಬಿಟ್ಟು ಬದುವಿನ ಮೇಲೆ ಹತ್ತಿ ನಿಂತಳು. ಈ ಮುದುಕಿಯನ್ನು ನೋಡಿದಳು, ಆ ಮುದುಕಿಯನ್ನು ನೋಡಿದಳು, ತಾಯಿಯ ಕಡೆಗೂ ಒಮ್ಮೆ ನೋಡಿದಳು. ಈ ಸಲ ಏಂಜಲಿನಾ ತಡೆಯಲಿಲ್ಲ.

"ಶಾಲೂ ಆಯಿ," ಎಂದು ಕೇಳಿಯೇಬಿಟ್ಟಳು ಹುಡುಗಿ, "ನೀವು ಆ ಕಡಿ ಮಾರಿ ಯಾವಾಗ ತಿರುಗಸ್ತೀರಿ?"