ಎಪ್ಪತ್ತೊಂದನೆಯ ಕುರ್ಚಿ

"ಬಕೆಟ್ ಅಲ್ಲೇ ಬಿಡ್ರೇ, ಕತ್ತೆ ಮುಂಡೇವಾ. ಕೈ ಮೂಸಿ ನೋಡ್ಕೊಳ್ಳಿ. ಕಕ್ಕಸಿನ ವಾಸ್ನೆ ಹೊಡೆದ್ರೆ ಪರದೇಶದೋರು ಮೂಗು ಮುಚ್ಕೊಂಡು ಓಡ್ತಾರೆ."

ಸಂಸತ್ತಿನ ಮೇಲ್ವಿಚಾರಕ ತಾಲಾಂತ್ ನೆಲ ಒರೆಸುವ ಒಂಬತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದ. ನೀಲಿ ಅಂಗಿಯ ಮೇಲೆ ತೊಡಲು ತಲಾ ಒಂದು ಕಪ್ಪು ಕೋಟು ಕೊಟ್ಟ. ಚರ್ಚೆ ನೋಡಲು ವಿದೇಶಿ ನಿಯೋಗ ಬರುವುದಿತ್ತು. ಟಿವಿಯಲ್ಲಿ ನೇರ ಪ್ರಸಾರ ಬೇರೆ. ಸದಸ್ಯರಲ್ಲಿ ಎಷ್ಟೋ ಮಂದಿ ಮಂತ್ರಿಯೊಬ್ಬನ ಮಗನ ಮದುವೆಗೆ ಹೋಗಿದ್ದರು.

"ಖಾಲಿ ಕುರ್ಚಿ ಕಾಣ್ಬಾರ್ದು, ಅಷ್ಟೆ. ನಾನು ಕರವಸ್ತ್ರ ತೆಗೆದ್ರೆ ಕೈ ಎತ್ತಿ. ಬಾಯಿ ಬಿಟ್ರೆ ನಾಳೆಯಿಂದ ಕೆಲ್ಸ ಇಲ್ಲ."

"ಮೆಂಬರ್ ಸಂಬ್ಳಾನೂ ಕೊಡ್ತೀಯೇನಪ್ಪಾ?" ಎಂದಳು ಎಲ್ಲರಿಗಿಂತ ಹಿರಿಯಳಾದ ಬುಬೂಸಾರಕ್ಕ.

"ಮೊದ್ಲು ಹಲ್ಲು ಕಟ್ಟಿಸ್ಕೊಂಡು ಬಾ ಮುದುಕಿ."

ಜುಮಾಗುಲ್‌ಗೆ ಸಿಕ್ಕಿದ್ದು ಎಪ್ಪತ್ತೊಂದನೆಯ ಕುರ್ಚಿ, ಅವಳ ಜಿಲ್ಲೆಯ ಸದಸ್ಯನದೇ. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಅವಳೇ ಒರೆಸುವ ಮೇಜು, ಅವಳೇ ಒರೆಸುವ ಮೈಕಿನ ಗುಂಡಿ. ಕುಳಿತದ್ದು ಇದೇ ಮೊದಲು. ಕುರ್ಚಿ ಮೆತ್ತಗಿತ್ತು. ಹಾಯೆನಿಸಿತು. ಆಮೇಲೆ ಎಲ್ಲಕ್ಕಿಂತ ನಾಚಿಕೆಯಾದದ್ದು ಅದಕ್ಕೇ.

ಅಂದಿನ ವಿಷಯಗಳ ಪಟ್ಟಿ ಉದ್ದವಿತ್ತು. ಕರಗುವ ಹಿಮನದಿ, ಗಡಿ, ದೂರದ ಯಾವುದೋ ಯುದ್ಧ. ಬೆಳಗಿನ ನಾಲ್ಕಕ್ಕೆ ಎದ್ದವಳಿಗೆ ತೂಕಡಿಕೆ ಬಂತು. ಕರವಸ್ತ್ರ ಕಂಡಾಗಲೆಲ್ಲ ಕೈ ಎತ್ತಿದಳು. ಮುಂದಿನ ಸಾಲಿನ ಮುದುಕ ಸದಸ್ಯನೊಬ್ಬ ಕಾಗದದ ಕಟ್ಟನ್ನು ಎತ್ತಿ ಹಿಡಿದು ಏನೋ ಹೇಳುತ್ತಿದ್ದುದು ಅರೆನಿದ್ದೆಯಲ್ಲಿ ಕೇಳಿತು.

"ಈ ಹೊಳೆ ಮೂರು ದೇಶಕ್ಕೆ ನೀರು ಕೊಡುತ್ತೆ. ಹಳೇ ಗಣಿಯ ವಿಷಮಣ್ಣು ಅದರೊಳಕ್ಕೆ ಜಾರ್ತಾ ಇದೆ. ಇವತ್ತೇ ಚರ್ಚೆ ಆಗಲಿ."

"ಚರ್ಚೆ ಇಲ್ಲದೆ ಸಮಿತಿಗೆ ಕಳಿಸೋಣ ಅನ್ನುವವರು?" ಎಂದರು ಸಭಾಪತಿ.

ಕರವಸ್ತ್ರ ಹೊರಬಂತು. ಜುಮಾಗುಲ್ ಕೈ ಎತ್ತಿದಳು.

"ಅಕ್‌ತಾಷ್ ಹಳ್ಳಿಯ ಮನವಿ ಸಮಿತಿಗೆ. ಮೂರು ಮತದ ಬಹುಮತ."

ಅಕ್‌ತಾಷ್ ಅವಳ ಊರು. ಹಿಮದಲ್ಲಿ ಮನೆಮನೆ ಅಲೆದು ಆ ಮನವಿಗೆ ಸಹಿ ಹಾಕಿಸಿದವಳು ಅವಳ ಅವ್ವ. ಮೆಟ್ಟಿಲು ಒರೆಸುವ ನೆವದಲ್ಲಿ ಆ ಮುದುಕನ ಕೈಗೆ ಕಟ್ಟು ಕೊಟ್ಟವಳು ಇವಳೇ. ಸಮಿತಿಗೆ ಹೋದ ಕಾಗದಗಳನ್ನು ವರ್ಷದ ಕೊನೆಯಲ್ಲಿ ರದ್ದಿಗೆ ಹೊತ್ತು ಹಾಕುವವಳೂ ಇವಳೇ.

ಊಟದ ಬಿಡುವಿನಲ್ಲಿ ಪೊರಕೆಗಳ ಕೋಣೆಯಲ್ಲಿ ಚಹಾ ಆರುತ್ತಿತ್ತು. ಫೋನು ಬಡಿದುಕೊಂಡಿತು. ಅವ್ವ.

"ಟಿವೀಲಿ ನೋಡ್ದೆ ಕಣೇ. ಕೋಟು ಹಾಕ್ಕೊಂಡಿದ್ದೆ. ಊರೆಲ್ಲ ನಮ್ಮನೇಲೇ ಸೇರೈತೆ. ಹೊಳೆ ಮಾತು ಬಂದಾಗ ಕೈ ಎತ್ತಿದ್ಯಲ್ಲ ನನ್ ಕಂದ."

"ಅವ್ವಾ..."

"ಅಷ್ಟರಲ್ಲಿ ಹಾಳು ಕರೆಂಟ್ ಹೋಯ್ತು. ಈಗ್ ಬಂತು. ಗೆದ್ವೇನೇ?"

"ಹೂಂ."

"ಬೋರ್ಸೋಕ್ ಹಿಟ್ಟುಂಡೆ ಕರೀತಾ ಇದೀನಿ. ಬೀದಿಗೆಲ್ಲ ಹಂಚ್ತೀನಿ." ಅವ್ವನ ಹಿಂದೆ ಎಣ್ಣೆ ಚುಂಯ್‌ಗುಟ್ಟುವುದು ಕೇಳುತ್ತಿತ್ತು.

ಜುಮಾಗುಲ್ ಫೋನು ಕೆಳಗಿಟ್ಟಳು. ಬುಬೂಸಾರಕ್ಕ ರೊಟ್ಟಿ ಮುರಿದು ಮುಂದಿಟ್ಟಳು.

"ತಿನ್ನೇ. ನಾನೂ ಎತ್ತಿದೀನಿ. ಒಂಬತ್ತು ಜನಾನೂ ಎತ್ತಿದೀವಿ."

"ಮೂರೇ ಮತ ಅಕ್ಕ."

ಬುಬೂಸಾರಕ್ಕ ಆಮೇಲೆ ತಾನೂ ತಿನ್ನಲಿಲ್ಲ.

ಮಧ್ಯಾಹ್ನ ಸಭಾಪತಿ ಬೆಳಗಿನ ನಿರ್ಣಯಗಳನ್ನು ಓದತೊಡಗಿದರು. ಅಕ್‌ತಾಷ್ ಹೆಸರು ಬಂತು. ತಾಲಾಂತ್‌ನ ಕರವಸ್ತ್ರ ಜೇಬಿನಲ್ಲೇ ಇತ್ತು. ಜುಮಾಗುಲ್ ಕೈ ಎತ್ತಿದಳು.

"ಈಗ ಮತದಾನ ಇಲ್ಲ, ಎಪ್ಪತ್ತೊಂದು. ಕೈ ಇಳಿಸಿ."

ಇಳಿಸಲಿಲ್ಲ. ಇನ್ನೊಂದು ಕೈಯಿಂದ ಮೈಕಿನ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು.

"ಎಣಿಕೆ ತಪ್ಪು." ತನ್ನ ದನಿ ಗೋಡೆಗಳಿಂದ ತಿರುಗಿ ಬಂದದ್ದಕ್ಕೆ ಬೆಚ್ಚಿದಳು. "ನಾನು ಮೆಂಬರಲ್ಲ. ನೆಲ ಒರ್ಸೋಳು. ಅಕ್‌ತಾಷ್‌ನೋಳು. ನಮ್ಮೂರಿನ ಮೇಲೆ ಕೈ ಎತ್ತಿದೋಳು. ಅವ್ವಾ, ಗೆಲ್ಲಲಿಲ್ಲ. ಸುಳ್ಳು ಹೇಳ್ದೆ."

ದೀಪ ಆರಿತು. ತಾಲಾಂತ್ ಕುರ್ಚಿಗಳ ನಡುವೆ ನುಗ್ಗಿ ಬರುತ್ತಿದ್ದ. ಹಿಂದಿನ ಸಾಲಿನಲ್ಲಿ ಬುಬೂಸಾರಕ್ಕ ಎದ್ದು ನಿಂತು, ಆತುರವಿಲ್ಲದೆ, ಕೋಟು ಬಿಚ್ಚತೊಡಗಿದಳು. ಒಳಗಿನ ನೀಲಿ ಅಂಗಿ ಕಂಡಿತು. ಅವಳ ಪಕ್ಕ ಕೂತಿದ್ದ ಇನ್ನೊಬ್ಬ ನೆಲ ಒರೆಸುವವಳು ಅದನ್ನೇ ನೋಡುತ್ತಿದ್ದಳು.